ಯೂತ್ ಕನ್ಸರ್ವೇಶನ್ ಕೋರ್

ಅಮೆರಿಕದ ರಾಷ್ಟ್ರೀಯ ಉದ್ಯಾನ, ಸರಕಾರಿ ಅರಣ್ಯ ಮತ್ತು ವನ್ಯಜೀವಿ ಧಾಮಗಳಲ್ಲಿ 15ರಿಂದ 18 ವರ್ಷದವರಿಗೆ ಬೇಸಿಗೆ ರಜೆಯಲ್ಲಿ ಸಂಬಳದ ಕೆಲಸ ಕೊಡುವ ಕೇಂದ್ರ ಸರಕಾರದ ಯೋಜನೆ. ಸೆನೆಟರ್ ಹೆನ್ರಿ ಜಾಕ್ಸನ್ ಮುಂದಾಳುತನದಲ್ಲಿ 1970ರ ಆಗಸ್ಟ್‌ನಲ್ಲಿ ಕಾಯಿದೆಯಾಗಿ, ಪ್ರಾಯೋಗಿಕವಾಗಿ ನಡೆದು, 1974ರಲ್ಲಿ ಕಾಯಂ ಆಯಿತು. ಮಹಾ ಆರ್ಥಿಕ ಕುಸಿತದ ಕಾಲದ ಸಿವಿಲಿಯನ್ ಕನ್ಸರ್ವೇಶನ್ ಕೋರ್ (1933–42) ಇದರ ಹಿರಿಯ ಮಾದರಿ. ಅಲ್ಲಿ ಗಂಡಸರಿಗಷ್ಟೇ ಅವಕಾಶವಿತ್ತು. ಇಲ್ಲಿ ಹುಡುಗ, ಹುಡುಗಿಯರಿಬ್ಬರಿಗೂ ಜಾಗವಿರಬೇಕೆಂದು ಕಾಯಿದೆಯೇ ಹೇಳಿತು. ಆ ಕಾಯಿದೆಯ ದೊಡ್ಡ ಗುಣ ಇದೇ ಎನ್ನಬೇಕು. ಈ ಯೋಜನೆಗೂ ಮೊದಲೇ ಇಂಥ ಪ್ರಯತ್ನ ನಡೆದಿತ್ತು: ಎಲಿಜಬೆತ್ ಪಟ್ನಮ್ ಎಂಬವರು ತಮ್ಮ ಕಾಲೇಜು ಪ್ರಬಂಧದಲ್ಲಿ ಮಂಡಿಸಿದ ವಿಚಾರದಂತೆ 1957ರಿಂದಲೇ ವಿದ್ಯಾರ್ಥಿ ಸ್ವಯಂಸೇವಕರು ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಉದ್ಯಾನಗಳಲ್ಲಿ ದುಡಿಯುತ್ತಿದ್ದರು.

ಕೆಲಸದಲ್ಲಿ ಮುಖ್ಯವಾದದ್ದು ಕಾಲುದಾರಿಯ ದುರಸ್ತಿ. ಇಳಿಜಾರಿನ ದಾರಿಗೆ ಓರೆಯಾಗಿ ಮರದ ದಿಮ್ಮಿ ಅಥವಾ ಕಲ್ಲು ಹೂತು, ಮಳೆನೀರು ಪಕ್ಕಕ್ಕೆ ಹರಿದುಹೋಗುವಂತೆ ಮಾಡುತ್ತಾರೆ. ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ದಾರಿಯೇ ಕೊರಕಲಾಗುತ್ತದೆ. ಕೈಯಲ್ಲಿ ಪುಲಾಸ್ಕಿ: ಒಂದು ಬದಿ ಕೊಡಲಿ, ಇನ್ನೊಂದು ಬದಿ ಅಡ್ಡ ಅಲಗಿನ ಗುದ್ದಲಿ. 18 ತುಂಬದವರಿಗೆ ಯಂತ್ರಚಾಲಿತ ಗರಗಸ ಕೊಡುವಂತಿಲ್ಲ. ಬೇಲಿ ಕಟ್ಟುವುದು, ಹೊರನಾಡಿನ ಕಳೆ ಕೀಳುವುದು, ಸಸಿ ನೆಡುವುದೂ ಉಂಟು. ದುಡಿಮೆಯ ಜೊತೆಗೆ ಪರಿಸರ ಪಾಠವೂ ಯೋಜನೆಯ ಭಾಗ. ಹೆಚ್ಚಿನ ಕಡೆ ಮಕ್ಕಳು ಮನೆಯಿಂದಲೇ ಹೋಗಿಬರುತ್ತಾರೆ. ಯೆಲ್ಲೊಸ್ಟೋನ್‌ನಂಥ ಕಡೆ ವಸತಿ ಶಿಬಿರವಿದೆ.

1980ರ ದಶಕದ ಆರಂಭದಲ್ಲಿ ಪ್ರತ್ಯೇಕ ಅನುದಾನ ನಿಂತು ಯೋಜನೆ ಬಹಳ ಕುಗ್ಗಿತು. ಈಗ ಆಯಾ ಇಲಾಖೆಗಳು ತಮ್ಮ ಹಣದಲ್ಲೇ ನಡೆಸುತ್ತವೆ.