ಕ್ಷೇತ್ರಶಾಲೆ ನಡೆದುಬಂದ ದಾರಿ

ಪರಿಸರ ವಿಜ್ಞಾನವನ್ನು ಬಯಲಲ್ಲೇ ಕಲಿಸುವ ಕ್ಷೇತ್ರಶಾಲೆಗೆ ಒಂದೂವರೆ ಶತಮಾನದ ಇತಿಹಾಸವಿದೆ. 1873ರ ಬೇಸಿಗೆಯಲ್ಲಿ ಪ್ರಕೃತಿವಿಜ್ಞಾನಿ ಲೂಯಿ ಅಗಾಸಿಜ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಪೆನಿಕೀಸ್ ದ್ವೀಪದಲ್ಲಿ ಶಾಲಾ ಶಿಕ್ಷಕರನ್ನು ಕೂಡಿಸಿ, ಕಡಲಜೀವಿಗಳನ್ನೇ ಮುಂದಿಟ್ಟುಕೊಂಡು ಪಾಠ ನಡೆಸಿದರು. ಕಲಿಯಲು ಬಂದವರಲ್ಲಿ ಮಹಿಳೆಯರೂ ಇದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅದೇ ಡಿಸೆಂಬರಿನಲ್ಲಿ ಅಗಾಸಿಜ್ ತೀರಿಕೊಂಡರು, ಶಾಲೆಯೂ ಹೆಚ್ಚು ಕಾಲ ಬಾಳಲಿಲ್ಲ. ಮಾದರಿ ಮಾತ್ರ ಉಳಿಯಿತು.

ಹಲವು ದೇಶಗಳವರು ಸೇರಿ ನಡೆಸುವ ಶಾಲೆಯಾಗಿ ಅದು ಬೆಳೆದದ್ದು ಉಷ್ಣವಲಯದ ಕಾಡುಗಳಲ್ಲಿ. 1963ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳೂ ಕೋಸ್ಟರಿಕಾ ವಿಶ್ವವಿದ್ಯಾಲಯವೂ ಕೂಡಿ ಉಷ್ಣವಲಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವು. ಐದು ವರ್ಷಗಳ ಬಳಿಕ ಅದು ಸಸ್ಯವಿಜ್ಞಾನಿ ಲೆಸ್ಲಿ ಹೋಲ್ಡ್ರಿಜ್ ಅವರಿಂದ ಕೋಸ್ಟರಿಕಾದ ಲಾ ಸೆಲ್ವಾ ತೋಟವನ್ನು ಕೊಂಡಿತು. ಹೋಲ್ಡ್ರಿಜ್ ಅಲ್ಲಿ ಕಾಡು ಕಡಿಯದೆ ಕೋಕೋ ಮುಂತಾದ ಬೆಳೆಗಳನ್ನು ಮರಗಳ ನೆರಳಲ್ಲೇ ಬೆಳೆಯಲು ನೋಡಿದ್ದರು. ಇಂದು ಕಾಡೆಂದರೆ ನೆನಪಾಗುವ ಕೇಂದ್ರದ ಬೇರು ಹೀಗೆ ಕೃಷಿಯಲ್ಲಿದೆ.

ಅಲ್ಲಿನ ಪಾಠಕ್ರಮ ಸರಳ, ಆದರೆ ಬಿಗಿ. ಬೆಳಿಗ್ಗೆ ಕಾಡಿನಲ್ಲಿ ಒಂದು ಪ್ರಶ್ನೆ ಹುಟ್ಟಬೇಕು, ಹಗಲಲ್ಲಿ ಅಳತೆ, ಎಣಿಕೆ. ರಾತ್ರಿ ಲೆಕ್ಕ ಹಾಕಿ ಎಲ್ಲರ ಮುಂದೆ ಸಮರ್ಥಿಸಿಕೊಳ್ಳಬೇಕು. ಆರಂಭದಲ್ಲಿ ಪ್ರಶ್ನೆಗಳೆಲ್ಲ ಇರುವೆ, ಹೂವು, ಬೀಜಗಳ ಸುತ್ತಲೇ ಇದ್ದವು. ಮನುಷ್ಯ ಲೆಕ್ಕದಲ್ಲಿರಲಿಲ್ಲ.

ಅವನನ್ನು ಲೆಕ್ಕಕ್ಕೆ ತಂದ ಪಾಠಗಳಲ್ಲಿ ಪಾಲೊ ವೆರ್ಡೆಯದು ಎದ್ದುಕಾಣುತ್ತದೆ. ಕೋಸ್ಟರಿಕಾದ ಈ ಜೌಗು ಮೊದಲು ದನ ಮೇಯುವ ಜಾಗ. ರಕ್ಷಿತ ಪ್ರದೇಶವಾದ ಮೇಲೆ ದನಗಳನ್ನು ಹೊರಹಾಕಲಾಯಿತು. ಮೇಯುವವರಿಲ್ಲದೆ ಟೈಫಾ ಎಂಬ ಜೊಂಡು ನೀರನ್ನೆಲ್ಲ ಮುಚ್ಚಿತು. ಬಾತುಗಳಿಗೆ ಇಳಿಯಲು ತೆರೆದ ನೀರೇ ಉಳಿಯಲಿಲ್ಲ. ಕೊನೆಗೆ ದನಗಳನ್ನು ಮತ್ತೆ ಬಿಡಬೇಕಾಯಿತು. ಅದೂ ಸಾಲದೆ, ಭತ್ತದ ಗದ್ದೆಯಲ್ಲಿ ಕೆಸರು ತುಳಿಸುವಂಥ ಕಬ್ಬಿಣದ ಚಕ್ರದ ಟ್ರ್ಯಾಕ್ಟರ್ ಹರಿಸಿ ಜೊಂಡನ್ನು ನೀರಡಿಗೆ ತುಳಿಯಲಾಯಿತು. ಬೇಲಿ ಹಾಕಿದರೆ ಪ್ರಕೃತಿ ತಾನೇ ಸರಿಹೋಗುತ್ತದೆಂಬ ನಂಬಿಕೆ ಅಲ್ಲಿ ನಿಲ್ಲಲಿಲ್ಲ.

ಹವಾಮಾನ ಬದಲಾವಣೆ ಪಠ್ಯಕ್ಕೆ ಬಂದದ್ದು ದೀರ್ಘಕಾಲದ ಅಳತೆಗಳಿಂದ. ಲಾ ಸೆಲ್ವಾದಲ್ಲಿ 1984ರಿಂದ 2000ದವರೆಗೆ ವರ್ಷವರ್ಷವೂ ಅಳೆದ ಮರಗಳು, ರಾತ್ರಿಯ ಸೆಖೆ ಹೆಚ್ಚಿದ ವರ್ಷಗಳಲ್ಲಿ ಕಡಿಮೆ ಬೆಳೆದಿದ್ದವು. ಇಂಥ ಸಂಗತಿ ಕೆಲವೇ ವಾರಗಳ ಕೋರ್ಸಿನಲ್ಲಿ ಕಾಣಸಿಗದು. ಮರಗಳನ್ನು ಹೀಗೆ ಮತ್ತೆ ಮತ್ತೆ ಅಳೆಯುವ ಕೆಲಸ ಪನಾಮದ ಬಾರೊ ಕೊಲರಾಡೊ ದ್ವೀಪದ 50 ಹೆಕ್ಟೇರಿನಲ್ಲೂ ನಡೆಯಿತು. ಅದೇ ಮಾದರಿಯ ತಾಕನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಮುದುಮಲೆಯಲ್ಲಿ ಗುರುತಿಸಿತು.

ಯಾರ ಕಾಡು, ಯಾರಿಗೆ ಪಾಠ ಎಂಬ ಪ್ರಶ್ನೆ ತಡವಾಗಿ ಎದ್ದಿತು. ಕೋಸ್ಟರಿಕಾದಲ್ಲಿ ಸ್ಪ್ಯಾನಿಷ್ ಮಾಧ್ಯಮದ ಕೋರ್ಸುಗಳು ಶುರುವಾದವು. 1990ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ನೆಲೆಗೊಂಡ ಉಷ್ಣವಲಯ ಜೀವವಿಜ್ಞಾನ ಸಂಘ ಉಗಾಂಡಾ, ತಾಂಜಾನಿಯಾ, ಮಡಗಾಸ್ಕರ್‌ಗಳಲ್ಲಿ ಯುರೋಪಿನವರನ್ನೂ ಆಫ್ರಿಕಾದವರನ್ನೂ ಜೊತೆಯಾಗಿ ಕೂರಿಸಿ ಕಲಿಸಿತು. ಆದರೂ ಶುಲ್ಕವನ್ನು ಡಾಲರು, ಪೌಂಡುಗಳಲ್ಲಿ ಕಟ್ಟಬೇಕಾದಲ್ಲಿ, ವಿದ್ಯಾರ್ಥಿವೇತನವಿಲ್ಲದೆ ಸ್ಥಳೀಯ ವಿದ್ಯಾರ್ಥಿಗೆ ಇಂಥ ಶಾಲೆಯ ಬಾಗಿಲು ತೆರೆಯುವುದು ಕಷ್ಟವೇ.