ಎಗುಯಿ ಬಂಡೆಯ ನೆತ್ತಿಯ ಚಾಪೆಲ್

ಫ್ರಾನ್ಸಿನ ಒವೆರ್ನ್ ಸೀಮೆಯ ಲ ಪ್ವಿ ಪಟ್ಟಣಕ್ಕೆ ಅಂಟಿಕೊಂಡಂತೆ ಎಗುಯಿ ಎಂಬ ಪುಟ್ಟ ಊರಿದೆ. ಎಗುಯಿ ಎಂದರೆ ಸೂಜಿ. ಊರ ನಡುವೆ 80 ಮೀಟರಿಗೂ ಹೆಚ್ಚು ಎತ್ತರಕ್ಕೆ ನೆಟ್ಟಗೆ ನಿಂತ ಬಂಡೆಯಿಂದ ಬಂದ ಹೆಸರದು. ಜ್ವಾಲಾಮುಖಿಯ ಗಂಟಲಲ್ಲಿ ಹೆಪ್ಪುಗಟ್ಟಿದ ಶಿಲೆ. ಸುತ್ತಲಿನ ಮೆದು ಭಾಗವೆಲ್ಲ ಸವೆದುಹೋಗಿ ಗಟ್ಟಿ ತಿರುಳಷ್ಟೇ ಉಳಿದಿದೆ. ಅದರ ನೆತ್ತಿಯ ಮೇಲೆ ಪ್ರಧಾನ ದೂತ ಮಿಕಾಯೇಲನ ಚಾಪೆಲ್ ಇದೆ. ಹತ್ತಲು ಬಂಡೆಯಲ್ಲೇ ಕಡಿದ 268 ಮೆಟ್ಟಿಲುಗಳಿವೆ.

ಲ ಪ್ವಿಯ ಧರ್ಮಾಧ್ಯಕ್ಷ ಗೊಡೆಸ್ಕಾಲ್ಕ್ 950-51ರಲ್ಲಿ ಸ್ಪೇನಿನ ಸಾಂತಿಯಾಗೋಗೆ ತೀರ್ಥಯಾತ್ರೆ ಹೋಗಿ ಬಂದವನು. ಆ ದಾರಿ ಹಿಡಿದು ಹೊರನಾಡಿನಿಂದ ಹೋದವರಲ್ಲಿ ಹೆಸರು ದಾಖಲಾಗಿರುವ ಮೊದಲಿಗರಲ್ಲಿ ಆತನೂ ಒಬ್ಬ. ಮುಂದಿನ ದಶಕದಲ್ಲಿ ಆತನ ಒಪ್ಪಿಗೆಯಿಂದ ಕೆಥೆಡ್ರಲಿನ ಹಿರಿಯ ಪಾದ್ರಿ ತ್ರುವಾನುಸ್ ಈ ಗುಡಿ ಕಟ್ಟಿಸಿದ. ಇಟಲಿಯ ಗಾರ್ಗಾನೋದಂತೆ ಎತ್ತರದ ತಾಣಗಳನ್ನು ಮಿಕಾಯೇಲನಿಗೆ ಮೀಸಲಿಡುವುದು ಆ ಕಾಲದ ರೂಢಿ.

ಮೊದಲಿದ್ದದ್ದು ಒಂದು ಚೌಕದ ಗರ್ಭಗುಡಿ ಮಾತ್ರ. ಯಾತ್ರಿಕರು ಹೆಚ್ಚಿದಾಗ, 12ನೇ ಶತಮಾನದಲ್ಲಿ ಅದನ್ನು ಹಿಗ್ಗಿಸಿದರು. ನೆತ್ತಿಯಲ್ಲಿ ಸಮತಟ್ಟು ಜಾಗವೇ ಇರಲಿಲ್ಲ. ಶಿಲ್ಪಿಗಳು ಬಂಡೆಯನ್ನು ಕಡಿದು ಸರಿಮಾಡಲು ಹೋಗದೆ, ಅದು ಬಾಗಿದಂತೆ ಗೋಡೆಯನ್ನೂ ಬಾಗಿಸಿದರು. ಆದ್ದರಿಂದ ಒಳಗಿನ ಅಂಕಣ ನೇರವಾಗಿಲ್ಲ. ಕುಳ್ಳ ಕಂಬಗಳ ಸಾಲು ಹಳೆಯ ಗರ್ಭಗುಡಿಯನ್ನು ಬಳಸಿಕೊಂಡು ಸಾಗುತ್ತದೆ. ಈ ಕಟ್ಟಡದ ನಿಜವಾದ ಸೊಗಸು ಅಲ್ಲಿದೆ. ಬಾಗಿಲ ಮೇಲೆ ಮೂರೆಸಳಿನ ಕಮಾನು, ಕಪ್ಪು, ಬಿಳಿ, ಕೆಂಪು ಕಲ್ಲುಗಳ ಚಿತ್ತಾರ, ಬಾಗಿಲುವಾಡದ ತೊಲೆಯಲ್ಲಿ ಎದುರುಬದುರಾಗಿ ಕೊರೆದ ಇಬ್ಬರು ಮತ್ಸ್ಯಕನ್ಯೆಯರು.

ಊರವರ ಬಾಯಲ್ಲಿ ಉಳಿದಿರುವುದು ‘ಕನ್ಯೆಯ ನೆಗೆತ’ದ ಕಥೆ. ಶೀಲಗೆಟ್ಟವಳೆಂಬ ಸುಳ್ಳು ಅಪವಾದ ಹೊತ್ತ ಹುಡುಗಿಯೊಬ್ಬಳು ದೇವರನ್ನು ನೆನೆದು ಬಂಡೆಯ ತುದಿಯಿಂದ ಹಾರಿದಳು. ದೇವದೂತರು ಅವಳನ್ನು ಹೂವಿನಂತೆ ಇಳಿಸಿದರು. ನಂಬದವರಿಗಾಗಿ ಮತ್ತೆ ಹಾರಿದಳು, ಆಗಲೂ ಉಳಿದಳು. ಮೂರನೆಯ ಸಲ ಹಾರಿದ್ದು ಹೆಮ್ಮೆಯಿಂದ. ಆಗ ಪ್ರಾಣ ಹೋಯಿತು. ಬಂಡೆಯ ಮೇಲೆ ಹಿಂದೆ ರೋಮನ್ನರ ಮರ್ಕ್ಯುರಿ ದೇವನ ಗುಡಿಯಿತ್ತೆಂಬ ಪ್ರತೀತಿಯೂ ಇದೆ. ತಪ್ಪಲಲ್ಲಿರುವ ಎಂಟು ಮೂಲೆಯ ಸಂತ ಕ್ಲೇರ್ ಚಾಪೆಲನ್ನು ಜನ ‘ಡಯಾನಾಳ ಗುಡಿ’ ಎನ್ನುತ್ತಾರೆ, ಆದರೆ ಅದು 12ನೇ ಶತಮಾನದ ಕ್ರೈಸ್ತ ಕಟ್ಟಡವೇ.

ಫ್ರಾನ್ಸ್ ಸರ್ಕಾರ 1840ರಲ್ಲಿ ಮಿಕಾಯೇಲನ ಚಾಪೆಲನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು. ಆ ಬಳಿಕದ ದುರಸ್ತಿಯಲ್ಲಿ ಸುಣ್ಣದ ಲೇಪದಡಿ ಮುಚ್ಚಿಹೋಗಿದ್ದ ಹಳೆಯ ಭಿತ್ತಿಚಿತ್ರಗಳು ಬೆಳಕಿಗೆ ಬಂದವು. 1955ರಲ್ಲಿ ಬಲಿಪೀಠವನ್ನು ಸರಿಪಡಿಸುವಾಗ, ಅದರೊಳಗೆ ಶತಮಾನಗಳಿಂದ ಅಡಗಿದ್ದ ಮರದ ಪುಟ್ಟ ಕ್ರಿಸ್ತಮೂರ್ತಿಯೂ ದಂತದ ಪೆಟ್ಟಿಗೆಯೂ ಸಿಕ್ಕವು.