ಎರಡು ಸಿ.ಡಿ.ಸಿ.ಗಳು

ನಮ್ಮ ಕರಾವಳಿಯ ಹಡಗಿನ ಹುಡುಗರ ಬಾಯಲ್ಲಿ ‘ಸಿ.ಡಿ.ಸಿ.’ ಎಂದರೆ ಒಂದು ಪುಟ್ಟ ಪುಸ್ತಕ. ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್ ಅನ್ನುವುದು ಅದರ ಪೂರ್ತಿ ಹೆಸರು. ಯಾವ ಹಡಗು ಹತ್ತಿದ್ದು, ಎಲ್ಲಿ ಇಳಿದದ್ದು ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ದೊಡ್ಡಮ್ಮನ ಮಗ, ನನ್ನ ಅಣ್ಣ, ರಜೆಗೆ ಬಂದಾಗ ಅದನ್ನು ದೇವರ ಕೋಣೆಯ ಕಪಾಟಿನಲ್ಲಿ ಇಡುತ್ತಿದ್ದ. ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ಟೀವರ್ಡ್ ಆಗಿದ್ದ ಅವನಿಗೆ ಇನ್ನೊಂದು ಸಿ.ಡಿ.ಸಿ. ಕೂಡ ಗೊತ್ತಿತ್ತು. ಅದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಅಲ್ಲಿನವರು ಹಡಗಿನ ಅಡುಗೆಮನೆ, ನೀರಿನ ತೊಟ್ಟಿ, ಈಜುಕೊಳಗಳನ್ನು ತಪಾಸಣೆ ಮಾಡಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಡಗು ನಪಾಸು. ಅವರು ಹತ್ತುವ ಹಿಂದಿನ ರಾತ್ರಿ ಯಾರೂ ನಿದ್ದೆ ಮಾಡುವುದಿಲ್ಲ ಎಂದು ಅಣ್ಣ ನಗುತ್ತ ಹೇಳುತ್ತಿದ್ದ.

2020ರಲ್ಲಿ ಎರಡನೆಯ ಸಿ.ಡಿ.ಸಿ. ಮೊದಲನೆಯದನ್ನು ಕಪಾಟಿನಿಂದ ಹೊರಬರದಂತೆ ಮಾಡಿತು. ದೊಡ್ಡಮ್ಮ ನನ್ನನ್ನು ಕೇಳಿದರು: “ನೀನು ಓದುವುದು ಹಡಗಿನ ರೋಗದ ವಿಷಯವೇ ಅಲ್ಲವಾ? ಇವನನ್ನು ಯಾವಾಗ ಕರೆಯುತ್ತಾರೆ ಹೇಳು ನೋಡುವ.”

ನನ್ನ ಸಂಶೋಧನೆಯ ವಿಷಯ ಹತ್ತೊಂಬತ್ತನೆಯ ಶತಮಾನದ ಬಂದರುಗಳಲ್ಲಿ ಕ್ವಾರಂಟೈನ್. ದೊಡ್ಡಮ್ಮನ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಆದರೂ ಅವರು ಕೇಳಿದ್ದು ಹಳೆಯ ಪ್ರಶ್ನೆಯೇ ಆಗಿತ್ತು. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ, ಅಂದರೆ ಇಂದಿನ ಡುಬ್ರೊವ್ನಿಕ್, ಪ್ಲೇಗು ಇರುವ ಕಡೆಯಿಂದ ಬಂದವರು ಮೂವತ್ತು ದಿನ ಊರ ಹೊರಗಿನ ದ್ವೀಪದಲ್ಲಿ ಕಳೆದ ಮೇಲೆಯೇ ಒಳಗೆ ಬರಬೇಕು ಎಂದು ಕಟ್ಟಳೆ ಮಾಡಿತು. ಮೂವತ್ತು ಮುಂದೆ ನಲವತ್ತಾಯಿತು. ಇಟಲಿಯವರ ನಲವತ್ತು, ‘ಕ್ವಾರಂತಾ’, ಇಡೀ ಜಗತ್ತಿನ ಬಾಯಿಗೆ ಬಂತು. ವೆನಿಸ್ 1423ರಲ್ಲಿ ಒಂದು ದ್ವೀಪವನ್ನೇ ಪ್ಲೇಗು ಆಸ್ಪತ್ರೆ ಮಾಡಿತು. ಆಮೇಲೆ ಕಾಗದದ ಕಾಲ ಬಂತು. ಹೊರಟ ಬಂದರಿನಲ್ಲಿ ರೋಗವಿಲ್ಲ ಎಂದು ಅಲ್ಲಿನ ಅಧಿಕಾರಿ ಬರೆದುಕೊಟ್ಟ ಆರೋಗ್ಯ ಪತ್ರವನ್ನು ಕಪ್ತಾನ ತೋರಿಸಬೇಕಿತ್ತು. ಪತ್ರ ‘ಶುದ್ಧ’ವೋ ‘ಕೊಳಕೋ’ ಎಂಬುದರ ಮೇಲೆ ಎಷ್ಟು ದಿನ ಕಾಯಬೇಕು ಎಂಬ ಲೆಕ್ಕ.

ಈ ಕಾಗದಗಳ ಚರಿತ್ರೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಮಾರ್ಸೇಲ್ಸ್. 1720ರ ಮೇ ತಿಂಗಳಲ್ಲಿ ಗ್ರಾಂ ಸೇಂತ್ ಆಂತ್ವಾನ್ ಎಂಬ ಹಡಗು ಸಿರಿಯಾ ಕಡೆಯಿಂದ ರೇಷ್ಮೆ, ಹತ್ತಿ, ಬಟ್ಟೆ ತುಂಬಿಕೊಂಡು ಅಲ್ಲಿಗೆ ಬಂತು. ದಾರಿಯಲ್ಲೇ ಹಲವರು ಸತ್ತಿದ್ದರು. ಕಟ್ಟುನಿಟ್ಟಿನ ನಿಯಮಗಳೂ ಒಳ್ಳೆಯ ಕ್ವಾರಂಟೈನ್ ವ್ಯವಸ್ಥೆಯೂ ಇದ್ದ ಊರು ಅದು. ಆದರೆ ಸರಕಿನಲ್ಲಿ ಊರಿನ ಮುಖ್ಯ ನಗರಾಧಿಕಾರಿ ಎಸ್ತೆಲ್‌ನ ಪಾಲಿತ್ತು, ಬೋಕೇರ್ ಜಾತ್ರೆ ಹತ್ತಿರ ಬರುತ್ತಿತ್ತು. ದೂರದ ದ್ವೀಪಕ್ಕೆ ಹೋಗಬೇಕಿದ್ದ ಬೆಲೆಬಾಳುವ ಸರಕು ನಗರದ ಪಕ್ಕದ ಲಾಜರೆಟ್ಟಿಗೆ ಬಂತು. ಬಟ್ಟೆಯೊಳಗಿನ ಚಿಗಟಗಳು ಜಾತ್ರೆಗೆ ಕಾಯಲಿಲ್ಲ. ಊರಿನ ಸುಮಾರು ಅರ್ಧ ಜನ ಸತ್ತರು. ನಿಯಮ ಇರಲಿಲ್ಲ ಎಂದು ಅಲ್ಲ. ನಿಯಮವನ್ನು ಸ್ವಲ್ಪ ಬಗ್ಗಿಸಿದರೆ ಲಾಭವಿತ್ತು.

ಈಗ 2020ಕ್ಕೆ ಬರೋಣ. ಫೆಬ್ರವರಿ ಆರಂಭದಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತಿತು. 3,711 ಜನ. ಪ್ರಯಾಣಿಕರಿಗೆ ಕೋಣೆಯಿಂದ ಹೊರಗೆ ಬರಬೇಡಿ ಎಂದರು. ಆ ಕೋಣೆಗಳಿಗೆ ಊಟ ಒಯ್ಯುವ ಕೆಲಸ ಮಾತ್ರ ನಿಲ್ಲಲಿಲ್ಲ. ಒಯ್ಯುವವರು ಸಿಬ್ಬಂದಿ, ಅವರು ಮಲಗುತ್ತಿದ್ದದ್ದು ಹಂಚಿಕೊಂಡ ಕೋಣೆಗಳಲ್ಲಿ. ಅವರಲ್ಲಿ 132 ಮಂದಿ ಭಾರತೀಯರು. ಕೊನೆಗೆ ಸೋಂಕು ಸಿಕ್ಕಿದ್ದು 712 ಜನರಲ್ಲಿ. ಅದರಲ್ಲಿ 331 ಜನರಿಗೆ ಪರೀಕ್ಷೆಯ ಹೊತ್ತಿಗೆ ಕೆಮ್ಮು ಜ್ವರ ಯಾವುದೂ ಇರಲಿಲ್ಲ. ಹಳೆಯ ಕ್ವಾರಂಟೈನ್ ನಂಬಿದ್ದು ಕಾಯುವುದನ್ನು: ನಲವತ್ತು ದಿನ ನೋಡಿದರೆ ರೋಗ ತಾನೇ ಮೈಮೇಲೆ ಬರುತ್ತದೆ ಎಂದು. ಮೈಮೇಲೆ ಬಾರದ ರೋಗವನ್ನು ಏನು ಮಾಡುವುದು? ಹಣೆಗೆ ಹಿಡಿಯುವ ಥರ್ಮಾಮೀಟರ್ ಸಾಲುವುದಿಲ್ಲ ಎಂಬುದು ಆ ಹಡಗಿನಲ್ಲೇ ಗೊತ್ತಾಯಿತು. ಮೂಗಿಗೆ ಕಡ್ಡಿ ಹಾಕದೆ ಹಡಗು ಹೊರಡುವುದಿಲ್ಲ ಎಂಬ ಮುಂದಿನ ನಿಯಮಗಳ ಬೇರು ಅಲ್ಲಿದೆ.

ಮಾರ್ಚ್ ಮೊದಲ ವಾರದಲ್ಲಿ ನವ ಮಂಗಳೂರು ಬಂದರು ಎಂಎಸ್‌ಸಿ ಲಿರಿಕಾ ಎಂಬ ಕ್ರೂಸ್ ಹಡಗನ್ನು ಒಳಗೆ ಬಿಡದೆ ಕಳಿಸಿತು. ಮಾರ್ಚ್ 14ರಂದು ಅಮೆರಿಕದ ಸಿ.ಡಿ.ಸಿ. ‘ನೋ ಸೇಲ್’ ಆದೇಶ ಹೊರಡಿಸಿತು. ಪ್ರಯಾಣಿಕರು ಇಳಿದು ಮನೆಗೆ ಹೋದರು. ಸಿಬ್ಬಂದಿಗೆ ಇಳಿಯಲು ಬಂದರು ಸಿಗಲಿಲ್ಲ. ಅಣ್ಣ ತಿಂಗಳುಗಟ್ಟಲೆ ಸಮುದ್ರದಲ್ಲೇ ಇದ್ದು ಕೊನೆಗೆ ಮುಂಬೈಯಲ್ಲಿ ಇಳಿದು ಊರಿಗೆ ಬಂದ. ಗೆಳೆಯನ ಪಿಕಪ್ ಓಡಿಸಿದ. ಮನೆಯ ಸಾಲ ಪಿಕಪ್ಪಿನ ದುಡಿಮೆಗೆ ಬಗ್ಗುವಂಥದ್ದಾಗಿರಲಿಲ್ಲ.

ಮತ್ತೆ ಹಡಗು ಬಿಡುವ ಕೆಲಸ ಮೊದಲು ಕಂಡದ್ದು ಯುರೋಪಿನಲ್ಲಿ. 2020ರ ಆಗಸ್ಟ್ 16ರಂದು ಎಂಎಸ್‌ಸಿ ಗ್ರಾಂಡಿಯೋಸಾ ಜಿನೋವಾದಿಂದ ಹೊರಟಿತು. ಹತ್ತುವ ಪ್ರತಿಯೊಬ್ಬರಿಗೂ ವೈರಸ್ ಪರೀಕ್ಷೆ. ಊರು ನೋಡಲು ಇಳಿದರೆ ಹಡಗಿನವರ ಗುಂಪಿನಲ್ಲೇ ಇರಬೇಕು. ನೇಪಲ್ಸ್‌ನಲ್ಲಿ ಒಂದು ಕುಟುಂಬ ಗುಂಪು ಬಿಟ್ಟು ತಿರುಗಾಡಲು ಹೋಯಿತು. ಹಿಂದಿರುಗಿದಾಗ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಇದನ್ನು ಓದಿದಾಗ ನನಗೆ ರಗೂಸಾದವರು ಎಲ್ಲೂ ಹೋಗಿಲ್ಲ ಅನ್ನಿಸಿತು.

ಅಮೆರಿಕದಲ್ಲಿ ಅಕ್ಟೋಬರ್ 30ರಂದು ‘ನೋ ಸೇಲ್’ ಹೋಗಿ ಷರತ್ತಿನ ಆದೇಶ ಬಂತು. ಸಿಬ್ಬಂದಿಗೆ ಪರೀಕ್ಷೆ, ಹಡಗಿನಲ್ಲೇ ಪ್ರಯೋಗಾಲಯ, ಬಂದರಿನ ಜೊತೆ ಒಪ್ಪಂದ, ಆಮೇಲೆ ಬಿಟ್ಟಿ ಪ್ರಯಾಣಕ್ಕೆ ಒಪ್ಪಿದ ಸ್ವಯಂಸೇವಕರನ್ನು ಕರೆದುಕೊಂಡು ಒಂದು ತಾಲೀಮು ಯಾನ. ಲಸಿಕೆ ಬಂದ ಮೇಲೆ, 2021ರ ಏಪ್ರಿಲ್ ಕೊನೆಗೆ, ಅದಕ್ಕೊಂದು ಒಳದಾರಿ ತೆರೆಯಿತು: ಸಿಬ್ಬಂದಿಯಲ್ಲಿ ನೂರಕ್ಕೆ 98, ಪ್ರಯಾಣಿಕರಲ್ಲಿ 95 ಜನ ಲಸಿಕೆ ಪಡೆದಿದ್ದರೆ ತಾಲೀಮು ಬೇಡ. ಆ ಜೂನ್ 26ರಂದು ಸೆಲೆಬ್ರಿಟಿ ಎಡ್ಜ್ ಫ್ಲಾರಿಡಾದಿಂದ ಹೊರಟಿತು. ಹದಿನೈದು ತಿಂಗಳಲ್ಲಿ ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಹೊತ್ತು ಹೊರಟ ಮೊದಲ ದೊಡ್ಡ ಕ್ರೂಸ್ ಅದು.

ಅಷ್ಟರಲ್ಲಿ ಜಗಳ ಕೋರ್ಟಿಗೆ ಹೋಗಿತ್ತು. ಇದು ವಿಚಿತ್ರ ಜಗಳ. ಫ್ಲಾರಿಡಾ ಸರ್ಕಾರ ಸಿ.ಡಿ.ಸಿ.ಗೆ ಈ ಅಧಿಕಾರವೇ ಇಲ್ಲ ಎಂದು ದಾವೆ ಹೂಡಿತು. ಜೂನ್ 18ರಂದು ನ್ಯಾಯಾಧೀಶ ಮೆರಿಡೇ ರಾಜ್ಯದ ಪರ ಮಧ್ಯಂತರ ಆದೇಶ ಕೊಟ್ಟರು. 124 ಪುಟದ ಆ ತೀರ್ಪಿನಲ್ಲಿ ಅಮೆರಿಕದ ಕ್ವಾರಂಟೈನ್ ಕಾನೂನಿನ ಚರಿತ್ರೆಯೇ ಇದೆ. ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ, ಆದರೂ ಒಬ್ಬ ನ್ಯಾಯಾಧೀಶರು ನಮ್ಮಂಥವರ ಆಕರಗಳನ್ನು ಇಷ್ಟು ಹುಡುಕಿದ್ದು ಕಂಡು ಒಳಗೊಳಗೇ ಖುಷಿಯಾಯಿತು. ಇತ್ತ ಅದೇ ಫ್ಲಾರಿಡಾ, ಗ್ರಾಹಕರಿಂದ ಲಸಿಕೆಯ ದಾಖಲೆ ಕೇಳುವ ವ್ಯಾಪಾರಿಗೆ ಒಂದೊಂದು ಸಲಕ್ಕೂ 5,000 ಡಾಲರ್ ದಂಡ ಎಂದು ಕಾನೂನು ಮಾಡಿತ್ತು. ಎಲ್ಲರಿಗೂ ಲಸಿಕೆ ಆಗಿರಬೇಕು ಎಂದು ಪಟ್ಟು ಹಿಡಿದ ನಾರ್ವೇಜಿಯನ್ ಕ್ರೂಸ್ ಲೈನ್ ರಾಜ್ಯದ ಮೇಲೆ ದಾವೆ ಹಾಕಿತು. ಆಗಸ್ಟ್‌ನಲ್ಲಿ ಇನ್ನೊಬ್ಬ ನ್ಯಾಯಾಧೀಶರು ಆ ಕಾನೂನನ್ನು ಕಂಪನಿಯ ಮಟ್ಟಿಗೆ ತಡೆದರು. ಮಾರ್ಸೇಲ್ಸ್‌ನಲ್ಲಿ ನಿಯಮ ಸಡಿಲಿಸಲು ಓಡಾಡಿದ್ದು ವ್ಯಾಪಾರ. ಇಲ್ಲಿ ನಿಯಮ ಬೇಕೆಂದು ಕೋರ್ಟಿಗೆ ಹೋದದ್ದೂ ವ್ಯಾಪಾರವೇ. ಇನ್ನೊಂದು ಡೈಮಂಡ್ ಪ್ರಿನ್ಸೆಸ್ ಆದರೆ ಟಿಕೆಟ್ ಕೊಳ್ಳುವವರು ಯಾರು? ಕಂಪನಿಗಳ ಭಯವೇ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಂದಾಜು.

ಪ್ರಯಾಣಿಕನ ಹಕ್ಕಿನ ಬಗ್ಗೆ ಇಷ್ಟು ಪುಟ ಬರೆಯಲಾಯಿತು. ಅಣ್ಣನ ಸಮಸ್ಯೆ ಯಾವ ಕೋರ್ಟಿಗೂ ಹೋಗುವಂಥದ್ದಲ್ಲ. 2021ರ ಬೇಸಗೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಬೆಳಿಗ್ಗೆ ಐದಕ್ಕೆ ಹೋಗಿ ಟೋಕನ್ ಹಿಡಿದು ಅವನು ಲಸಿಕೆ ಹಾಕಿಸಿಕೊಂಡ. ಆ ದಿನ ಇದ್ದದ್ದು ಕೊವ್ಯಾಕ್ಸಿನ್. ಯಾವುದು ಬೇಕು ಎಂದು ಕೇಳುವ ಕಾಲವೇ ಅದು? ಎರಡನೆಯ ಡೋಸೂ ಆದ ಮೇಲೆ ಏಜೆನ್ಸಿಯಿಂದ ಫೋನ್ ಬಂತು. ಕೆಲಸ ಇದೆ, ಆದರೆ ಈ ಲಸಿಕೆ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆಯ ಪಟ್ಟಿಯಲ್ಲಿ ಕೋವಿಶೀಲ್ಡ್ ಫೆಬ್ರವರಿಯಲ್ಲೇ ಸೇರಿತ್ತು, ಕೊವ್ಯಾಕ್ಸಿನ್ ಇರಲಿಲ್ಲ. ಹಡಗಿನ ಲೆಕ್ಕದಲ್ಲಿ ಅವನು ಲಸಿಕೆ ಹಾಕಿಸಿಕೊಳ್ಳದವನು.

“ಇನ್ನೊಂದು ಹಾಕಿಸಿಕೊಂಡರೆ ಆಗುತ್ತದಾ ಮಾರಾಯ?” ಎಂದು ಕೇಳಿದ. ಎರಡು ಲಸಿಕೆಯವನಿಗೆ ಪೋರ್ಟಲ್‌ನಲ್ಲಿ ಮೂರನೆಯದಕ್ಕೆ ಜಾಗವಿರಲಿಲ್ಲ. ಜೊತೆಯವರಲ್ಲಿ ಕೋವಿಶೀಲ್ಡ್ ಸಿಕ್ಕವರು ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಒಂದೇ ಊರು, ಒಂದೇ ಆರೋಗ್ಯ ಕೇಂದ್ರ. ಸರದಿ ಬಂದದ್ದು ಮಾತ್ರ ಬೇರೆ ಬೇರೆ ದಿನ. ನಾನು ಆಗ ಹಳದಿ ಜ್ವರದ ಲಸಿಕೆ ಪುಸ್ತಕದ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೆ. ಯಾವ ಲಸಿಕೆ, ಯಾರ ಸಹಿ, ಯಾವ ಠಸ್ಸೆ ಎಂಬುದನ್ನು ದೇಶಗಳು ದಶಕಗಳ ಕಾಲ ಚರ್ಚಿಸಿ ಒಪ್ಪಿಕೊಂಡ ವ್ಯವಸ್ಥೆ ಅದು. ಆ ಪುಸ್ತಕ ಅಣ್ಣನ ಬಳಿಯೂ ಇತ್ತು. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ.

ನವೆಂಬರ್ 3ರಂದು ಕೊವ್ಯಾಕ್ಸಿನ್ ಪಟ್ಟಿ ಸೇರಿತು. ಸುದ್ದಿ ನೋಡಿದ ಕೂಡಲೇ ನಾನೇ ಫೋನ್ ಮಾಡಿದೆ. ದೊಡ್ಡಮ್ಮ ಎತ್ತಿ, “ಅವನು ಬಾಡಿಗೆಗೆ ಹೋಗಿದ್ದಾನೆ, ಬಂದ ಮೇಲೆ ಹೇಳುತ್ತೇನೆ” ಎಂದರು. ಏನು ವಿಷಯ ಎಂದು ಕೇಳಲಿಲ್ಲ, ದನಿಯಲ್ಲೇ ತಿಳಿದಿರಬೇಕು.

ಜನವರಿಯಲ್ಲಿ ಅವನು ಮುಂಬೈಗೆ ಹೋದ. ಆ ಹೊತ್ತಿಗೆ ಓಮಿಕ್ರಾನ್ ಬಂದಿತ್ತು. ಜನವರಿ 15ಕ್ಕೆ ಅಮೆರಿಕದ ಷರತ್ತಿನ ಆದೇಶದ ಅವಧಿ ಮುಗಿದು ಎಲ್ಲವೂ ಕಂಪನಿಗಳ ಇಷ್ಟಕ್ಕೆ ಬಂತು. ಜುಲೈ ಹೊತ್ತಿಗೆ ಆ ಸ್ವಯಂಪ್ರೇರಿತ ಕಾರ್ಯಕ್ರಮವೂ ನಿಂತಿತು. ಅಣ್ಣನಿಗೆ ಮಾತ್ರ ಹೋಟೆಲಿನಲ್ಲಿ ಮಾಡಿದ ಪರೀಕ್ಷೆ ಪಾಸಿಟಿವ್. ಜ್ವರವಿಲ್ಲ, ಕೆಮ್ಮಿಲ್ಲ. ಹತ್ತು ದಿನ ಒಂದು ಕೋಣೆ. ಬಾಗಿಲ ಹೊರಗೆ ಯಾರೋ ಊಟ ಇಟ್ಟು ಬೆಲ್ ಮಾಡಿ ಹೋಗುತ್ತಿದ್ದರಂತೆ. “ಇಷ್ಟು ವರ್ಷ ನಾನು ಬೆಲ್ ಮಾಡುತ್ತಿದ್ದವನು. ಒಳಗೆ ಕೂತು ಕೇಳುವುದು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ” ಎಂದ. ಹನ್ನೊಂದನೆಯ ದಿನ ನೆಗೆಟಿವ್ ಬಂತು. ಆ ವಾರದ ಹಡಗು ಹೋಗಿಯಾಗಿತ್ತು, ಮುಂದಿನದಕ್ಕೆ ಹೆಸರು ಹಾಕಿದರು.

ಲಸಿಕೆಯ ಆ ಕಾಗದಕ್ಕೆ ದೊಡ್ಡಮ್ಮ ಪೇಟೆಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದರು. ಒಂದನ್ನು ಅವನು ಒಯ್ದ. ಇನ್ನೊಂದು ಪ್ರತಿ ದೇವರ ಕೋಣೆಯ ಕಪಾಟಿನಲ್ಲಿ, ಸಿ.ಡಿ.ಸಿ. ಇರುತ್ತಿದ್ದ ಜಾಗದಲ್ಲಿ, ಈಗಲೂ ಇದೆ.